ಕುದುರೆ ಹಾರಿದ್ದು ನೆರಳಿನಲ್ಲಿ: ನಮ್ಮ ಮಕ್ಕಳ ಚಿತ್ರದ ಅನುಭವ

ಒಬ್ಬ ಹುಡುಗಿ, ಅವಳನ್ನು ಹೊತ್ತು ಹಾರುವ ಬಿಳಿ ಕುದುರೆ. ಮಕ್ಕಳ ಚಿತ್ರದ ಬಜೆಟ್ಟಿನಲ್ಲಿ ಸಿಜಿ (ಕಂಪ್ಯೂಟರ್ ಗ್ರಾಫಿಕ್ಸ್) ಇಲ್ಲದೆ ಇದು ಆಗುವ ಮಾತಲ್ಲ ಎಂದವರೇ ಹೆಚ್ಚು. ಆಯಿತು. ಹಾರುವ ದೃಶ್ಯ ನಾಲ್ಕೂವರೆ ನಿಮಿಷದಷ್ಟಿದೆ, ಕಂಪ್ಯೂಟರಿನಲ್ಲಿ ಕಟ್ಟಿದ ಕುದುರೆ ಒಂದು ಫ್ರೇಮಿನಲ್ಲೂ ಇಲ್ಲ.

ಮೊದಲು ಕೈಬಿಟ್ಟು ಹೋದ ಹಣದ ಲೆಕ್ಕ. ಎಫೆಕ್ಟ್ಸ್‌ಗೆ ಎತ್ತಿಟ್ಟದ್ದರಲ್ಲಿ ಮೂರನೇ ಒಂದು ಪಾಲು ಎರಡು ಟೆಸ್ಟ್ ಶಾಟ್‌ಗಳಿಗೇ ಕರಗಿತು. ಹಿನ್ನೆಲೆ ಬದಲಿಸಲು ಕಟ್ಟುವ ಹಸಿರು ಪರದೆಯ (ಗ್ರೀನ್ ಮ್ಯಾಟ್) ಮುಂದೆ ಬಿಳಿ ಕುದುರೆ ನಿಲ್ಲಿಸಿದ್ದೇ ತಪ್ಪು. ಹೊಟ್ಟೆಯ ಅಡಿ, ಕಾಲುಗಳ ಒಳಭಾಗಕ್ಕೆಲ್ಲ ಹಸಿರು ಬಡಿಯಿತು. ಅದನ್ನು ತೆಗೆಯಹೋದರೆ ಬಿಳಿ ಬಣ್ಣ ಬೂದಿಯಾಯಿತು, ಬಾಲದ ಕೂದಲು ಕತ್ತರಿ ಆಡಿಸಿದ ಹಾಗೆ ಕಂಡಿತು. ಆಮೇಲೆ, ಮೊದಲ ಕಥೆಯಲ್ಲಿ ಕುದುರೆಯ ಹಣೆಗಿದ್ದ ಕೊಂಬು. ರೆಸಿನ್ನಿನಲ್ಲಿ ಎರಕ ಹೊಯ್ದದ್ದು 400 ಗ್ರಾಂ ಹತ್ತಿರ ತೂಗುತ್ತಿತ್ತು; ಕುದುರೆ ಕುಲುಕು ಓಟಕ್ಕೆ, ಅಂದರೆ ಟ್ರಾಟ್‌ಗೆ ಬಂದ ಕೂಡಲೇ ಹಣೆಪಟ್ಟಿ ಸಮೇತ ಕಣ್ಣಿನ ಕಡೆಗೆ ಜಾರುತ್ತಿತ್ತು. ಫೋಮಿನಲ್ಲಿ 70 ಗ್ರಾಂಗೆ ಇಳಿಸಿದೆವು. ಹುಡುಗಿಯ ಮುಖಕ್ಕೆ ತಗುಲಿದರೆ ಕಳಚಿ ಬೀಳಲಿ ಎಂದು ಬುಡಕ್ಕೆ ಮ್ಯಾಗ್ನೆಟ್ ಕೂರಿಸಿದೆವು. ಚೆನ್ನಾಗಿಯೇ ನಿಂತಿತು. ಆದರೂ ಕಥೆಯಿಂದಲೇ ತೆಗೆದೆವು. ಕೊಂಬಿದ್ದರೆ ನೋಡುವವರ ಕಣ್ಣು ಅಲ್ಲಿಗೇ ಅಂಟುತ್ತದೆ, ಕುದುರೆಯ ನಟನೆಯೆಲ್ಲ ಇರುವುದು ಕಿವಿಗಳಲ್ಲಿ.

ಬಿಳಿ ಕುದುರೆ ಎಂದು ಸಿಗುವವು ಹೆಚ್ಚಿನವು ವಯಸ್ಸಾಗುತ್ತ ಬೆಳ್ಳಗಾದ ಗ್ರೇ ಕುದುರೆಗಳು, ಚರ್ಮ ಕಪ್ಪು. ಬೆವರಿದರೆ ಕಂಕುಳಲ್ಲಿ, ಜೀನಿನ ಅಂಚಿನಲ್ಲಿ ಕಪ್ಪು ಮೂಡಿ ಕಂಟಿನ್ಯೂಟಿ ಹಾಳು, ಒಂದು ಶಾಟ್ ಇನ್ನೊಂದಕ್ಕೆ ಹೊಂದುವುದಿಲ್ಲ. ಹಾಗಾಗಿ ಶೂಟಿಂಗ್ ಬೆಳಗ್ಗೆ ಮೊದಲ ಎರಡು ಗಂಟೆ, 20 ನಿಮಿಷಕ್ಕೊಮ್ಮೆ ವಿಶ್ರಾಂತಿ, ನಿಲ್ಲುವುದಕ್ಕೆ ಒಂದು ಕುದುರೆ, ಓಡುವುದಕ್ಕೆ ಇನ್ನೊಂದು. ಎರಡು ಕುದುರೆಯ ಬಾಡಿಗೆ ದುಬಾರಿ ಅನಿಸಿತ್ತು. ಒಂದೇ ಕುದುರೆ ಇಟ್ಟುಕೊಂಡಿದ್ದರೆ ಇನ್ನೂ ನಾಲ್ಕು ಕಾಲ್‌ಶೀಟ್ ಬೇಕಾಗುತ್ತಿತ್ತು. ಎಕ್ಸ್‌ಪೋಷರ್ ಒಂದು ಸ್ಟಾಪ್ ಕೆಳಗೇ ಇರಲಿ, ಅಂದರೆ ಬೆಳಕು ಅರ್ಧಕ್ಕೆ ಇಳಿಯಲಿ, ಬೆನ್ನಿನ ಮೇಲೆ ಬಿಳಿ ಸುಟ್ಟುಹೋದರೆ ಡಿಐನಲ್ಲಿ (ಕೊನೆಗೆ ಬಣ್ಣ ತಿದ್ದುವ ಹಂತದಲ್ಲಿ) ತಿರುಗಿ ಬರುವುದಿಲ್ಲ.

ಹೀಗೆ ಕಪ್ಪು ಮುಚ್ಚಲು ಹೋಗಿ ಒಂದು ಪ್ರಯೋಗ ಕೈಗೂಡಿತು. ಮೆಕ್ಕೆಜೋಳದ ಪಿಷ್ಟವನ್ನು ಬ್ರಷ್‌ನಿಂದ ಪಕ್ಕೆಗೆ ಹಚ್ಚಿದ್ದೆವು. ಕುದುರೆ ಮೈ ಕೊಡವಿದಾಗ ಬ್ಯಾಕ್‌ಲೈಟಿನಲ್ಲಿ ಆ ಪುಡಿ ಎದ್ದು ಮೈಯಿಂದಲೇ ಬೆಳಕು ಹೊರಟಂತೆ ಕಂಡಿತು. ಮಾಯೆಯ ಶಾಟ್‌ಗಳಿಗೆಲ್ಲ ಅದನ್ನೇ ಬಳಸಿದೆವು. ಮೂಗಿನ ಹತ್ತಿರ ಮಾತ್ರ ಹಚ್ಚಲೇಬಾರದು. ಮಿನುಗುಪುಡಿಯಂತೂ ಬೇಡವೇ ಬೇಡ, ಕಣ್ಣಿಗೆ ಅಪಾಯ.

ನೆಲ ಬಿಡುವ ಶಾಟ್ ನಿಜವಾದ ಜಿಗಿತ. 60 ಸೆಂಟಿಮೀಟರ್ ಎತ್ತರದ ಮರದ ದಿಮ್ಮಿ, ಅದನ್ನು ಮುಚ್ಚುವಷ್ಟು ಹುಲ್ಲು, ನೆಲದಿಂದ ಒಂದು ಗೇಣಿನ ಎತ್ತರದಲ್ಲಿ ಪೆಟ್ಟಿಗೆಯೊಳಗೆ ಕ್ಯಾಮೆರಾ. ಕ್ಯಾಮೆರಾ ಹಿಂದೆ ಯಾರೂ ಇಲ್ಲ. ಗಾಳಿಯಲ್ಲಿರುವುದು ಅರ್ಧ ಸೆಕೆಂಡ್. ಸೆಕೆಂಡಿಗೆ 120 ಫ್ರೇಮಿನಲ್ಲಿ ತೆಗೆದು 24ರಲ್ಲಿ ಓಡಿಸಿದರೆ ಎರಡೂವರೆ ಸೆಕೆಂಡ್ ಸಿಗುತ್ತದೆ, ಅಷ್ಟು ಸಾಕು. ಮುಂಗಾಲು ನೆಲ ಹುಡುಕಿ ಚಾಚುವ ಮೊದಲೇ ಕತ್ತರಿಸಬೇಕು. ನಾಲ್ಕು ಫ್ರೇಮ್ ತಡವಾದರೂ ಇಳಿಯುತ್ತಿದೆ ಎಂದು ಗೊತ್ತಾಗಿಬಿಡುತ್ತದೆ. ಜಿಗಿತದಲ್ಲಿ ಕೂತಿರುವುದು ಡೂಪ್. ಮೇಲಂಗಿಯ ಮುಸುಕಿನೊಳಗೆ ಹೆಲ್ಮೆಟ್ ಇದೆ. ಆ ಮೇಲಂಗಿ ಬೆನ್ನಿನ ಮೇಲೆ ಪಟಪಟ ಬಡಿಯುವುದು ಹಿಂದಿದ್ದರೂ ಕುದುರೆಯ ಕಣ್ಣಿಗೆ ಬೀಳುತ್ತದೆ, ಅದು ಬೆದರುತ್ತದೆ. ಹತ್ತು ದಿನ ದಿನಾ ಸ್ವಲ್ಪ ಸ್ವಲ್ಪ ಬಟ್ಟೆ ಬೀಸಿ ಅಭ್ಯಾಸ ಮಾಡಿಸಿದ ಮೇಲಷ್ಟೇ ಶಾಟ್.

ಹುಡುಗಿಯ ಕ್ಲೋಸಪ್‌ಗೆ ಡ್ರಮ್ಮಿನ ಮೇಲೆ ಜೀನು ಕಟ್ಟಿ ನಾಲ್ಕು ಹಗ್ಗದಲ್ಲಿ ತೂಗುಹಾಕಿದ್ದೆವು. ಅದು ದೋಣಿಯ ಹಾಗೆ ಅಡ್ಡಡ್ಡ ತೂಗಿತು, ಆ ದಿನದ ದುಡ್ಡು ದಂಡ. ಡ್ರಮ್ಮನ್ನು ಉದ್ದನೆಯ ಹಲಗೆಗೆ ಬಿಗಿದು, ಏತದಂತೆ ನಡುವೆ ಆಧಾರ ಕೊಟ್ಟು, ಎರಡು ತುದಿಗೂ ಅರ್ಧ ಗಾಳಿಯ ಲಾರಿ ಟ್ಯೂಬ್ ಇಟ್ಟ ಮೇಲೆ ಸರಿಹೋಯಿತು. ಟ್ಯೂಬಿಗೆ ಗಾಳಿ ಪೂರ್ತಿ ತುಂಬಿದರೆ ಪುಟಿಯುತ್ತದೆ, ಮಗುವಿನ ಗಲ್ಲ ಅದುರುತ್ತದೆ. ಹಲಗೆ ಒತ್ತುವವರಿಗೆ ತಾಳ ಹೇಳಿಕೊಡಿ: ಕ್ಯಾಂಟರ್ (ಕುಲುಕು ಓಟಕ್ಕಿಂತ ವೇಗದ, ನಾಗಾಲೋಟವಲ್ಲದ ಓಟ) ಎಂದರೆ ತ-ಕಿ-ಟ, ಒಂದು ಬಿಡುವು. ಇಂಥ ಸುತ್ತು ನಿಮಿಷಕ್ಕೆ ನೂರರ ಹತ್ತಿರ. ಬಿಡುವು ತಪ್ಪಿದರೆ ಒಂಟೆ ಸವಾರಿ. ಇಡೀ ಸಾಧನವನ್ನು ಎರಡೂವರೆ ಮೀಟರ್ ಎತ್ತರದ ಅಟ್ಟಣಿಗೆಯ ಮೇಲಿಟ್ಟು, ಮಗುವಿಗೆ ಸೊಂಟಪಟ್ಟಿ ಬಿಗಿದು, ಕೆಳಗಿನಿಂದ ತೆಗೆದದ್ದರಿಂದ ಹಿಂದೆ ನಿಜವಾದ ಆಕಾಶವೇ ಸಿಕ್ಕಿತು. ಆಗಾಗ ಸೂರ್ಯನಿಗೆ ಅಡ್ಡವಾಗಿ ತೆಳು ಬಟ್ಟೆ ಎಳೆದರೆ ಮೋಡ ದಾಟಿದ ಹಾಗೆ. ಫ್ಯಾನಿನ ಗಾಳಿ ಕುದುರೆಯ ಕೇಸರಕ್ಕೆ ಮಾತ್ರ. ಮುಖಕ್ಕೆ ಹೊಡೆದರೆ ಮಗು ಕಣ್ಣು ಬಿಡುವುದಿಲ್ಲ, ಅವಳ ಕೂದಲನ್ನು ದಾರದಲ್ಲಿ ಎಳೆಯಬೇಕು.

ಇನ್ನು ನೆರಳು. ಜನ ನಂಬಿದ್ದು ಇದರಿಂದಲೇ. ಡ್ರೋನ್‌ನಲ್ಲಿ ಬಯಲು ತೆಗೆದು, ಕುದುರೆ ಓಟದ ಪಕ್ಕದ ನೋಟದ ಕಪ್ಪು ಆಕೃತಿಯನ್ನು ಅದರ ಮೇಲೆ ನೆರಳಾಗಿ ಕೂರಿಸಿದೆವು. ಮೊದಲ ಸಲ ಸುಳ್ಳೆಂದು ತಕ್ಷಣ ಗೊತ್ತಾಯಿತು, ಅಂಚು ಚೂಪಾಗಿತ್ತು. ಸೂರ್ಯ ಚುಕ್ಕಿಯಲ್ಲ, ಬಿಲ್ಲೆ. ನೆರಳು ಬೀಳಿಸುವ ವಸ್ತು ಎಷ್ಟು ದೂರವೋ ಅದರ ನೂರನೇ ಒಂದು ಪಾಲಿನಷ್ಟು ಅಂಚು ಮಸುಕಾಗುತ್ತದೆ. 30 ಮೀಟರ್ ಎಂದರೆ ಸುಮಾರು 30 ಸೆಂಟಿಮೀಟರ್ ಮಸುಕು. ಕಾಲು ಅದಕ್ಕಿಂತ ತೆಳು, ಹಾಗಾಗಿ ಕಾಲಿನ ನೆರಳು ಬಹುಪಾಲು ಕರಗಿರಬೇಕು, ಮೈ ಮಾತ್ರ ಗಾಢವಾಗಿ ಉಳಿಯಬೇಕು. ಕುದುರೆ ಮೇಲೇರಿದಂತೆ ಮಸುಕು ಹೆಚ್ಚಿಸಿದರೆ ಎತ್ತರ ತಾನಾಗಿ ಕಾಣುತ್ತದೆ. ನಡುಮಧ್ಯಾಹ್ನ ತೆಗೆದ ಬಯಲು ಉಪಯೋಗವಿಲ್ಲ, ಆಗ ಬೀಳುವುದು ಬೆನ್ನಿನ ನೆರಳು, ಬರೀ ಮುದ್ದೆ. ಸೂರ್ಯ 45 ಡಿಗ್ರಿಯಲ್ಲಿದ್ದಾಗ, ಬಿಸಿಲಿಗೆ ಅಡ್ಡವಾಗಿ ಡ್ರೋನ್ ಸಾಗಬೇಕು. ನೆರಳು ಮರಗಳ ಮೇಲೆ ಹತ್ತಿ ಇಳಿಯುವಂತೆ ಮಾಡಿದ್ದಕ್ಕೆ ಎಡಿಟಿಂಗ್ ಟೇಬಲ್ಲಿನಲ್ಲಿ ಹನ್ನೆರಡು ದಿನ ಹಿಡಿಯಿತು.

ಕಿವಿಗಳ ವಿಷಯ ಬಾಕಿ ಇದೆ. ಎರಡೂ ಕಿವಿ ಮುಂದಕ್ಕೆ ಬರಲು ಪ್ಲಾಸ್ಟಿಕ್ ಚೀಲದ ಸದ್ದು ಎರಡು ಟೇಕ್‌ಗೆ ಆಗುತ್ತದೆ, ಮೂರನೆಯದಕ್ಕೆ ಇಲ್ಲ. ಆಮೇಲೆ ಬಳಸಿದ್ದು ಬೇರೆ ಸದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಚಿತ್ರಕ್ಕೂ ಬೇಕು.

ಧ್ವನಿಯಲ್ಲಿ ಗೊರಸಿನ ಸದ್ದು ನೆಲ ಬಿಟ್ಟ ಫ್ರೇಮಿನಲ್ಲೇ ನಿಲ್ಲಬೇಕು. ಉಸಿರು ನಿಲ್ಲಬಾರದು. ಕ್ಯಾಂಟರಿನಲ್ಲಿ ಕುದುರೆ ಒಂದು ದಾಪಿಗೆ ಒಂದೇ ಉಸಿರು ಎಳೆಯುತ್ತದೆ. ಅದೇ ತಾಳದಲ್ಲಿ ಉಸಿರು, ಜೊತೆಗೆ ಜೀನಿನ ಚರ್ಮದ ಕಿರುಗುಟ್ಟುವಿಕೆ. ಮಿಕ್ಸಿಂಗಿನಲ್ಲಿ ಸಂಗೀತವನ್ನು ಮೊದಲ ಹತ್ತು ಸೆಕೆಂಡ್ ತಡೆದು ಇವೆರಡನ್ನೇ ಬಿಟ್ಟಿದ್ದೇವೆ.