ರೆಗ್ಯುಲೇಟರ್ ಕಿತ್ತ ಮೇಲೆ ನೆಟ್ಟಗಾದ ಬೋರ್ಡ್

ವೈಫೈ ಇರುವ ಇಎಸ್‌ಪಿ32 ಚಿಪ್ಪಿಗೆ, ವೋಲ್ಟೇಜನ್ನು 3.3ಕ್ಕೆ ಹಿಡಿದಿಡುವ ರೆಗ್ಯುಲೇಟರ್ ಇಲ್ಲದೆ ನೇರ ಬ್ಯಾಟರಿ ಸೆಲ್ ಕಟ್ಟುತ್ತೇನೆ ಅಂದಾಗ ನಮ್ಮ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. "3.6 ವೋಲ್ಟ್ ದಾಟಿದರೆ ಮುಗೀತು ಮಾರಾಯ, ಹೊಗೆ ನೋಡ್ಬೇಕಾ ನಿಂಗೆ?" ಅಂದರು. ಒಂದು ಮಳೆಗಾಲ ಪೂರ್ತಿ ಕಳೆಯಿತು. ಗುಡ್ಡದ ಮೇಲಿನ ಟ್ಯಾಂಕಿನ ಹತ್ತಿರ ಕೂತ ಬೋರ್ಡ್ ಈಗಲೂ ಹತ್ತು ನಿಮಿಷಕ್ಕೊಮ್ಮೆ ನೀರಿನ ಮಟ್ಟ ಕಳಿಸುತ್ತಿದೆ.

ಬೋರ್ಡ್ ಮಾಡಿದ್ದು 5 ವೋಲ್ಟ್ ಅಡಾಪ್ಟರ್‌ಗೆಂದು. ತೋಟದ ಮಧ್ಯೆ ಗುಡ್ಡದವರೆಗೆ ವೈರ್ ಎಳೆಸುವ ಖರ್ಚು ಕೇಳಿ ಆ ಆಸೆ ಬಿಟ್ಟೆ. ಸೋಲಾರ್ ಪ್ಯಾನೆಲ್, 18650 ಲಿಥಿಯಂ ಸೆಲ್ ಬಂದವು. ಬೋರ್ಡಿನಲ್ಲಿ ಎಲ್ಲರೂ ಹಾಕುವ ರೆಗ್ಯುಲೇಟರ್ ಎಎಂಎಸ್1117 ಇತ್ತು. ಸೆಲ್‌ಗೆ ಕಟ್ಟಿದರೆ ವೈಫೈ ಹತ್ತುವ ಹೊತ್ತಿಗೆ ವೋಲ್ಟೇಜ್ ಕುಸಿದು ಬ್ರೌನ್‌ಔಟ್, ರೀಸೆಟ್, ಮತ್ತೆ ಬ್ರೌನ್‌ಔಟ್. 1117ಕ್ಕೆ ಒಳಬರುವ ಮತ್ತು ಹೊರಹೋಗುವ ವೋಲ್ಟೇಜಿನ ನಡುವೆ ಒಂದು ವೋಲ್ಟ್‌ಗಿಂತ ಹೆಚ್ಚು ಅಂತರ ಬೇಕು, ಸಾಲದ್ದಕ್ಕೆ ಸುಮ್ಮನೆ ಕೂತಾಗಲೂ 5 ಮಿಲಿಆಂಪ್ ಅದೇ ತಿನ್ನುತ್ತದೆ. ಚಿಪ್ ನಿದ್ದೆಯಲ್ಲಿ ಹತ್ತಿಪ್ಪತ್ತು ಮೈಕ್ರೋಆಂಪ್‌ನಲ್ಲಿ ಇದ್ದು ಏನು ಬಂತು?

ಆಮೇಲೆ ಶುರುವಾಯಿತು ದುಡ್ಡಿನ ಪೂಜೆ. ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಎಚ್‌ಟಿ7333 ರೆಗ್ಯುಲೇಟರ್ ತಂದೆ. ನಿದ್ದೆಯಲ್ಲಿ ಬಂಗಾರ, ಆದರೆ ಅದರ ತಾಕತ್ತು 250 ಮಿಲಿಆಂಪ್. ವೈಫೈ ಕಳಿಸುವಾಗ ಚಿಪ್ ಒಂದೇ ಅಷ್ಟು ಎಳೆಯುತ್ತದೆ. ಮುಂದಿನದು ಎಪಿ2112. ಅದು ಹಳೇ ಪ್ಯಾಡಿಗೆ ಕೂರುವುದಿಲ್ಲ, ಹಾಗಾಗಿ ಹೊಸ ಬ್ಯಾಚ್ ಪಿಸಿಬಿ (ಸರ್ಕ್ಯೂಟ್ ಹಲಗೆ). ಸೆಲ್ ತುಂಬಿದ್ದಾಗ ಚೆನ್ನಾಗಿ ಓಡಿತು, 3.5ರ ಹತ್ತಿರ ಇಳಿದ ಕೂಡಲೇ ಹಳೇ ರಾಗ. ವೋಲ್ಟೇಜ್ ಹೆಚ್ಚಿದ್ದರೆ ಇಳಿಸಿ, ಕಡಿಮೆಯಿದ್ದರೆ ಏರಿಸುವ ಬಕ್-ಬೂಸ್ಟ್ ಮಾಡ್ಯೂಲ್ ಹಾಕು ಅಂದರು. ಕೆಲಸ ಮಾಡಿತು, ಒಪ್ಪುತ್ತೇನೆ. ಆದರೆ ಒಂದೊಂದಕ್ಕೆ 400 ರೂಪಾಯಿ ಕೊಟ್ಟರೆ ಬೋರ್ಡ್ ಯಾರಿಗೆ ಮಾರುವುದು? ನಡುವೆ ಮೈಮೇಲೆ 9900 ಮಿಲಿಆಂಪ್ ಗಂಟೆ ಅಂತ ಅಚ್ಚು ಹಾಕಿದ 18650 ಕೂಡ ಕೊಂಡಿದ್ದಾಯಿತು. ಆ ಗಾತ್ರದ ಅಸಲಿ ಸೆಲ್ 3500ರ ಹತ್ತಿರ ನಿಲ್ಲುತ್ತದೆ. ನನ್ನದು ಸಾವಿರವೂ ಕೊಡಲಿಲ್ಲ.

ಕೆಪಾಸಿಟರ್ ಸುರಿದರೆ ಸರಿಹೋಗುತ್ತದೆ ಅನ್ನುವುದು ಎಲ್ಲರ ಮದ್ದು. 1000 ಮೈಕ್ರೋಫ್ಯಾರಡ್ ಹಾಕಿದೆ. ರೀಸೆಟ್ ಕಡಿಮೆಯಾಯಿತು, ಹೊಸ ರಗಳೆ ಹುಟ್ಟಿತು: ಸೆಲ್ ಖಾಲಿಯಾಗಿ ಮಲಗಿದ್ದ ಬೋರ್ಡ್ ಬೆಳಗ್ಗೆ ಬಿಸಿಲು ಬಂದರೂ ಏಳುವುದಿಲ್ಲ. ಚಿಪ್ಪಿಗೆ ಹೋಗುವ 3.3 ವೋಲ್ಟ್ ನಿಧಾನ ಏರುತ್ತದೆ, ಚಿಪ್ ಏಳುವುದನ್ನು ತಡಮಾಡಿಸುವ ಇಎನ್ ಪಿನ್ನಿನ 10ಕೆ ರೆಸಿಸ್ಟರ್ ಮತ್ತು 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಅಷ್ಟು ಹೊತ್ತು ಕಾಯುವುದಿಲ್ಲ, ಚಿಪ್ ಅರ್ಧ ವೋಲ್ಟೇಜಿನಲ್ಲೇ ಎದ್ದು ಸಿಕ್ಕಿಹಾಕಿಕೊಳ್ಳುತ್ತದೆ.

ಮೀಟರ್ ಹಿಡಿದರೆ ಯಾವಾಗಲೂ 3.3 ತೋರಿಸಿ ನಗುತ್ತಿತ್ತು. ಕ್ಷಣದ ಏರಿಳಿತ ತೋರಿಸುವ ಸ್ಕೋಪ್‌ಗೆ ದುಡ್ಡಿರಲಿಲ್ಲ. ಮೂಲೆಯಲ್ಲಿದ್ದ ಪುಟ್ಟ ಬೋರ್ಡ್ ಆರ್ಡುಯಿನೋ ನ್ಯಾನೋಗೆ ವೋಲ್ಟೇಜ್ ಇಳಿಸಿ ಕೊಡುವ 10ಕೆ-3.3ಕೆ ಡಿವೈಡರ್, ಒಳಗಿನ 1.1 ವೋಲ್ಟ್ ರೆಫರೆನ್ಸ್, ಎರಡೂ ಬೋರ್ಡಿನ ಗ್ರೌಂಡ್ ಒಂದು. ಲೂಪಿನಲ್ಲಿ ಓದುತ್ತಾ ಕನಿಷ್ಠ ಎಷ್ಟಿತ್ತೋ ಅದನ್ನಷ್ಟೇ ಇಟ್ಟುಕೊಳ್ಳುವ ನಾಲ್ಕು ಸಾಲು ಕೋಡ್. ಸೆಕೆಂಡಿಗೆ ಹತ್ತಿರ ಹತ್ತಿರ 10,000 ಸಲ ಓದುತ್ತದೆ, ವೈಫೈ ಕುಸಿತ ಹಿಡಿಯಲು ಧಾರಾಳ. ಮೀಟರ್ 3.3 ಅನ್ನುವಾಗ ನ್ಯಾನೋ 2.4 ಹೇಳಿತು. ಆ ವರದಿ ಬಂದ ಮೇಲೆ ಊಹೆಯ ಮೇಲೆ ರೆಗ್ಯುಲೇಟರ್ ಕೊಳ್ಳುವುದು ನಿಂತಿತು.

ಕೊನೆಗೆ ಹಿಡಿದದ್ದು ಸೋಲಾರ್ ದೀಪಗಳಲ್ಲಿ ಬರುವ 32650 ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್, 6000 ಮಿಲಿಆಂಪ್ ಗಂಟೆಯದು, 300 ರೂಪಾಯಿ ಆಸುಪಾಸು. ಇದು ಬಹುಪಾಲು 3.2 ವೋಲ್ಟ್‌ನಲ್ಲೇ ಸಮನಾಗಿ ಕೂತಿರುತ್ತದೆ. ಚಾರ್ಜ್ ಮುಗಿದಾಗ 3.6 ಇದ್ದರೂ ಬಿಟ್ಟರೆ 3.4ಕ್ಕೆ ಇಳಿಯುತ್ತದೆ. ರೆಗ್ಯುಲೇಟರ್ ಕಿತ್ತು ಜಾಗಕ್ಕೆ ವೈರ್ ತುಂಡು ಬೆಸೆದೆ. ಮೊದಲ ಸಲ ನ್ಯಾನೋ 2.9 ಅಂದಿತು. ಕಾರಣ ಸೆಲ್ ಹೋಲ್ಡರಿನ ಸ್ಪ್ರಿಂಗ್ ಮತ್ತು ಕೂದಲೆಳೆಯಂಥ ವೈರ್. ನಿಕ್ಕಲ್ ಪಟ್ಟಿ ವೆಲ್ಡ್ ಮಾಡಿಸಿ, ಗಿಡ್ಡ ದಪ್ಪ ವೈರ್ ಹಾಕಿ, ಮಾಡ್ಯೂಲಿನ ಕಾಲಿಗೆ ತಾಗಿಸಿ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿದ ಮೇಲೆ 3.1ಕ್ಕಿಂತ ಕೆಳಗೆ ಹೋಗಿಲ್ಲ. ಚಾರ್ಜಿಗೆ ಟಿಪಿ5000 ಚಾರ್ಜರ್ ಚಿಪ್, 3.6ಕ್ಕೆ ಹೊಂದಿಸಿದ್ದು. ಅದೇ ಮೇಲ್ಮಿತಿ ಅಂತ ಬೈಯುವವರಿಗೆ: ನಾನು 3.5ರಲ್ಲೇ ನಿಲ್ಲಿಸುತ್ತೇನೆ. ಹೇಗೆ ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ, ಎರಡು ಬಿಡಿಭಾಗದ ಕೆಲಸ. ಇಷ್ಟಿಲ್ಲದೆ ಪ್ಯಾನೆಲ್ ಕಟ್ಟಿ ಮೂರು ತಿಂಗಳು ಮರೆಯಬೇಡಿ.

ಕರೆಂಟ್ ತಿನ್ನುವ ಇನ್ನೊಂದು ಕಳ್ಳ ಅಂದರೆ ನೀರಿನ ಮಟ್ಟ ಅಳೆಯುವ ಸೆನ್ಸರ್. ಸ್ವಿಚ್ಚಿನಂತೆ ಕೆಲಸ ಮಾಡುವ ಎಒ3401 ಮಾಸ್ಫೆಟ್ ಹಾಕಿ ಅದರ ಪವರ್ ಕತ್ತರಿಸಿದರೂ ಅದರ ದೀಪ ಮಂಕಾಗಿ ಉರಿಯುತ್ತಿತ್ತು. ಚಿಪ್ ಅದಕ್ಕೆ ಸೂಚನೆ ಕೊಡುವ ಟ್ರಿಗರ್ ಪಿನ್ ಹೈ (3.3 ವೋಲ್ಟ್) ಆಗಿಯೇ ಉಳಿದಿತ್ತು, ಸೆನ್ಸರ್ ಅದರಿಂದಲೇ ಹೊಟ್ಟೆ ತುಂಬಿಕೊಳ್ಳುತ್ತಿತ್ತು. ಚಿಪ್ ಮಲಗುವ ಮೊದಲು ಪಿನ್ ಕೆಳಗಿಳಿಸಿದರೆ ಮುಗಿಯಿತು.

ಸ್ನೇಹಿತನೊಬ್ಬನ ಬೋರ್ಡೂ ಹೀಗೇ ರೀಸೆಟ್ ಆಗುತ್ತಿದೆ ಅಂತ ತಂದುಕೊಟ್ಟ. ಅದರಲ್ಲಿ ಪವರ್ ಸರಿಯಾಗೇ ಇತ್ತು: ಚಿಪ್ಪಿನ ಜಿಪಿಐಒ 12 ಪಿನ್ನಿಗೆ ಅದನ್ನು ಹೈಗೆ ಎಳೆಯುವ ಪುಲ್‌ಅಪ್ ರೆಸಿಸ್ಟರ್ ಇತ್ತು, ಬೂಟ್ ಹೊತ್ತಿಗೆ ಆ ಪಿನ್ ಹೈ ಇದ್ದರೆ ಪ್ರೋಗ್ರಾಂ ಇರುವ ಫ್ಲ್ಯಾಶ್ ಮೆಮೊರಿಗೆ 3.3ರ ಬದಲು 1.8 ವೋಲ್ಟ್ ಹೋಗುತ್ತದೆ. ಚಿಪ್ಪಿನೊಳಗಿನ, ಒಮ್ಮೆ ಮಾತ್ರ ಬದಲಿಸಬಹುದಾದ ಇಫ್ಯೂಸ್ ಸುಟ್ಟು 3.3ಕ್ಕೆ ಕಾಯಂ ಮಾಡಬಹುದು, ಹಿಂದೆ ಬರಲಾಗದು. ಅವನು ರೆಸಿಸ್ಟರ್ ಕಿತ್ತ.

ರೂಟರ್ ಬಿಟ್ಟು, ಚಿಪ್‌ನಿಂದ ಚಿಪ್‌ಗೆ ನೇರ ಕಳಿಸುವ ಇಎಸ್‌ಪಿ-ನೌ ಹಾಕಿದ್ದೂ ಲಾಭವೇ. ಎಚ್ಚರದ ಹೊತ್ತು ಮೂರು ಸೆಕೆಂಡಿನಿಂದ ಸೆಕೆಂಡಿನ ಒಂದು ಚೂರಿಗೆ ಇಳಿಯಿತು. ಆದರೆ ಎಳೆಯುವ ಕರೆಂಟಿನ ಶಿಖರ ಅಷ್ಟೇ ಇರುತ್ತದೆ, ಅದನ್ನು ನಂಬಿ ತೆಳು ವೈರ್ ಹಾಕಬೇಡಿ.

ಎರಡು ಬ್ಯಾಚ್ ಪಿಸಿಬಿ, ಕೊರಿಯರ್, ದಂಡ ಹೋದ ಸೆಲ್ ಎಲ್ಲ ಸೇರಿ ಏಳೆಂಟು ಸಾವಿರ ಕೈಬಿಟ್ಟಿದೆ. ಈಗ ಒಂದು ಬೋರ್ಡ್ ಪ್ಯಾನೆಲ್ ಸಮೇತ 1,100ಕ್ಕೆ ಮುಗಿಯುತ್ತದೆ. ಪಕ್ಕದ ತೋಟದವರು ಎರಡು ಕೇಳಿದ್ದಾರೆ, 1,600 ಹೇಳಿದ್ದೇನೆ, ಚೌಕಾಶಿ ನಡೆಯುತ್ತಿದೆ.