ಆರು ಸೆಕೆಂಡಿನ ಚುಕ್ಕೆಗೆ ಕಂಪ್ಯೂಟರನ್ನು ಅಣಿಗೊಳಿಸಿದ ಬಗೆ

ನಿಧಾನ ಮೋರ್ಸ್ ಅಂದರೆ ಹ್ಯಾಮ್‌ಗಳು (ಹವ್ಯಾಸಿ ರೇಡಿಯೊ ಬಳಸುವವರು) ಕ್ಯುಆರ್‌ಎಸ್‌ಎಸ್ ಎಂದು ಕರೆಯುವ, ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತವನ್ನು ತೀರಾ ನಿಧಾನವಾಗಿ ಕಳಿಸುವ ಬಗೆ. ಇದನ್ನು ಕಿವಿಯಿಂದ ಕೇಳಿ ಬರೆದುಕೊಳ್ಳಲು ಆಗುವುದಿಲ್ಲ, ಪರದೆಯ ಮೇಲೆ ಕಣ್ಣಿನಿಂದಲೇ ಓದಬೇಕು. ನಿಮಿಷಕ್ಕೆ 12 ಪದಗಳ ವೇಗದಲ್ಲಿ ಒಂದು ಚುಕ್ಕೆಗೆ 0.1 ಸೆಕೆಂಡು ಹಿಡಿದರೆ, ಇಲ್ಲಿ ಅದೇ ಚುಕ್ಕೆಗೆ 3, 6 ಅಥವಾ 10 ಸೆಕೆಂಡು ಬೇಕು. ಆರು ಸೆಕೆಂಡಿನ ಚುಕ್ಕೆ ಎಂದರೆ 60 ಪಟ್ಟು ನಿಧಾನ. ಬ್ಯಾಂಡ್‌ವಿಡ್ತ್, ಅಂದರೆ ಸಂಕೇತ ಹಿಡಿಯುವ ಆವರ್ತನಗಳ ಅಗಲ, ಅಷ್ಟೇ ಪಟ್ಟು ಕಿರಿದಾಗುವುದರಿಂದ ಗದ್ದಲದೆದುರು ಸುಮಾರು 18 ಡೆಸಿಬೆಲ್ ಲಾಭ ಸಿಗುತ್ತದೆ. ಬೆಂಗಳೂರಿನಂತಹ ಊರಿನಲ್ಲಿ, ಸುತ್ತಲೂ ಎಲ್‌ಇಡಿ ದೀಪಗಳೂ ಯುಪಿಎಸ್‌ಗಳೂ ಇರುವ ಬಡಾವಣೆಯಲ್ಲಿ ಕುಳಿತವನಿಗೆ ಇದು ಸಣ್ಣ ಲಾಭವಲ್ಲ.

ನಮ್ಮದು ಬನಶಂಕರಿಯ ಮೂವತ್ತು-ನಲವತ್ತರ ಸೈಟು. 30 ಮೀಟರ್ ಬ್ಯಾಂಡಿನ ಡೈಪೋಲಿಗೆ (ಎರಡು ತೋಳಿನ ತಂತಿ ಆಂಟೆನಾಗೆ) ಬೇಕಾದ 14 ಮೀಟರ್ ತಂತಿ ತಾರಸಿಯ ಮೇಲೆ ನೇರವಾಗಿ ಹಿಡಿಸದ ಕಾರಣ ಎರಡೂ ತುದಿಗಳನ್ನು ಒಂದೂವರೆ ಮೀಟರ್‌ನಂತೆ ಇಳಿಬಿಟ್ಟಿದ್ದೇನೆ. ಆಂಟೆನಾದ ಮಾತು ಇಷ್ಟು ಸಾಕು. ನನ್ನನ್ನು ಮೂರು ವಾರ ಸತಾಯಿಸಿದ್ದು ತಂತಿಯಲ್ಲ, ಲ್ಯಾಪ್‌ಟಾಪ್.

ರೇಡಿಯೊವನ್ನು ಅಪ್ಪರ್ ಸೈಡ್‌ಬ್ಯಾಂಡಿನಲ್ಲಿ (ಡಯಲಿಗಿಂತ ಮೇಲಿನ ಸಂಕೇತಗಳನ್ನು ಧ್ವನಿಯಾಗಿಸುವ ಬಗೆ) 10.1387 ಮೆಗಾಹರ್ಟ್ಸ್‌ಗೆ ನಿಲ್ಲಿಸಿ, ಧ್ವನಿಯನ್ನು ಆವರ್ತನಗಳ ಚಿತ್ರವಾಗಿ ತೋರಿಸುವ ಸ್ಪೆಕ್ಟ್ರಮ್ ಲ್ಯಾಬ್ ತಂತ್ರಾಂಶಕ್ಕೆ ಕೊಟ್ಟೆ. ಹೀಗೆ ಮಾಡಿದರೆ 10.1400ರ ಆಸುಪಾಸಿನ ಸಂಕೇತಗಳು 1300 ಹರ್ಟ್ಸ್ ಬಳಿ ಬೀಳುತ್ತವೆ. ಎಫ್‌ಎಫ್‌ಟಿಯ (ಧ್ವನಿಯ ಒಂದು ತುಣುಕನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಗಾತ್ರ ಹೆಚ್ಚಿದಷ್ಟೂ ಒಳ್ಳೆಯದೆಂಬ ಭ್ರಮೆಯಿಂದ 11025 ಹರ್ಟ್ಸ್ ಸ್ಯಾಂಪಲಿಂಗಿಗೆ 262144 ಬಿಂದುಗಳನ್ನು ಆರಿಸಿಕೊಂಡೆ. ಆ ಲೆಕ್ಕದಲ್ಲಿ ಒಂದೊಂದು ನೋಟಕ್ಕೂ ಸುಮಾರು 24 ಸೆಕೆಂಡಿನ ಧ್ವನಿ ಬೇಕು. ನಾಲ್ಕು ಚುಕ್ಕೆಗಳ ಅವಧಿ ಒಂದರೊಳಗೊಂದು ಕಲಸಿಹೋಗಿ ಪರದೆಯಲ್ಲಿ ಮಸುಕಾದ ಪಟ್ಟಿಯಷ್ಟೇ ಉಳಿಯುತ್ತಿತ್ತು. ನೋಟದ ಅವಧಿ ಚುಕ್ಕೆಯ ಅವಧಿಗೆ ಸಮವಾಗಿರಬೇಕು. 65536 ಬಿಂದುಗಳಿಗೆ 5.9 ಸೆಕೆಂಡು, 0.17 ಹರ್ಟ್ಸ್ ಸೂಕ್ಷ್ಮತೆ: ಆರು ಸೆಕೆಂಡಿನ ಚುಕ್ಕೆಗೆ ಹೇಳಿ ಮಾಡಿಸಿದಂತಿದೆ. ಮೂರು ಸೆಕೆಂಡಿನದಕ್ಕೆ 32768 ಸಾಕು. ಈ ಲೆಕ್ಕಾಚಾರ ಬೇಡವೆನ್ನುವವರಿಗೆ ಆರ್ಗೊ ತಂತ್ರಾಂಶದಲ್ಲಿ ಸಿದ್ಧ ಆಯ್ಕೆಗಳೇ ಇವೆ.

ಆದರೂ ಏನೂ ಕಾಣಲಿಲ್ಲ. ಕೊನೆಗೆ ಒಂದು ಸಣ್ಣ ಕ್ರಿಸ್ಟಲ್ ಆಸಿಲೇಟರನ್ನು ಮೇಜಿನ ಮೇಲಿಟ್ಟು ಪರೀಕ್ಷಿಸಿದಾಗ ಗೆರೆ ಹೊಳೆಯುತ್ತಾ ಮೂಡಿ, ಎರಡು ಮೂರು ಸೆಕೆಂಡಿನಲ್ಲಿ ಬಾಡಿ, ಅಳಿಸಿಯೇ ಹೋಯಿತು. ಆಸಿಲೇಟರ್ ಮಾತ್ರ ಚಾಲೂ ಇದ್ದೇ ಇತ್ತು. ಲ್ಯಾಪ್‌ಟಾಪಿನ ಮೈಕಿನ ಸೆಟ್ಟಿಂಗಿನಲ್ಲಿ ಗದ್ದಲ ಕಳೆಯುವ ಸೌಲಭ್ಯವೊಂದು ಚಾಲೂ ಇತ್ತು. ವಿಡಿಯೊ ಕರೆಗಳಲ್ಲಿ ಫ್ಯಾನಿನ ಸದ್ದನ್ನು ಅಡಗಿಸಲೆಂದು ಇಟ್ಟಿರುವ ಈ ಸೌಲಭ್ಯಕ್ಕೆ ಬದಲಾಗದೆ ನಿಂತ ಸ್ವರವೆಲ್ಲ ಗದ್ದಲವೇ; ನನಗೆ ಬೇಕಾದದ್ದೂ ಅಂತಹದೇ ಸ್ವರ. ಅದನ್ನೂ ಮೈಕ್ ಬೂಸ್ಟನ್ನೂ ತೆಗೆದೆ. ರೇಡಿಯೊದಲ್ಲಿ ನಾಯ್ಸ್ ಬ್ಲ್ಯಾಂಕರನ್ನು (ಚಿಟಿಚಿಟಿ ಗದ್ದಲ ಕತ್ತರಿಸುವ ಸೌಲಭ್ಯ) ಆಫ್ ಮಾಡಿ, ಪಕ್ಕದ ಪ್ರಬಲ ಸಂಕೇತ ಬಂದಾಗಲೆಲ್ಲ ಇಡೀ ಚಿತ್ರ ಕಪ್ಪಾಗದಿರಲೆಂದು ಧ್ವನಿಯ ಮಟ್ಟವನ್ನು ತಾನಾಗಿ ಏರಿಳಿಸುವ ಎಜಿಸಿಯನ್ನೂ ನಿಲ್ಲಿಸಿದೆ. ಧ್ವನಿಯ ಮಟ್ಟವನ್ನು ಹಿನ್ನೆಲೆ ಕಡುನೀಲಿಯಾಗಿ ತೆಳುವಾಗಿ ಕಾಣುವಷ್ಟಕ್ಕೆ ಮಾತ್ರ ಇಟ್ಟೆ.

ಈಗ ಗೆರೆಗಳು ಬಂದವು, ಆದರೆ 1250ಕ್ಕೊಂದು, 1300ಕ್ಕೊಂದು, ಅಲುಗಾಡದೆ. ಡಯಲನ್ನು 20 ಹರ್ಟ್ಸ್ ಸರಿಸಿದರೂ ಅವು ಇದ್ದಲ್ಲೇ ಇದ್ದುದರಿಂದ ಆಂಟೆನಾದಿಂದ ಬಂದವಲ್ಲ, ಮನೆಯ 50 ಹರ್ಟ್ಸ್ ವಿದ್ಯುತ್ತಿನ ಮರಿಗಳು, ಅಂದರೆ 50ರ ಗುಣಕಗಳಲ್ಲಿ ಮೂಡುವ ಸ್ವರಗಳು, ಎಂಬುದು ಖಚಿತವಾಯಿತು. ಚಾರ್ಜರ್ ಕಿತ್ತರೆ ಮಾಯ! ರೇಡಿಯೊಗೂ ಲ್ಯಾಪ್‌ಟಾಪಿಗೂ ನಡುವೆ ಒಂದು ಆಡಿಯೊ ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೆ ಚಾರ್ಜರ್ ಇದ್ದರೂ ಅವು ಮಸುಕಾಗಿವೆ. ಇನ್ನೊಂದು ಕಿರಿಕಿರಿ ಸೀಲಿಂಗ್ ಫ್ಯಾನಿನದು: ಗಾಳಿ ರೇಡಿಯೊಗೆ ನೇರ ತಗುಲಿದರೆ ಕ್ರಿಸ್ಟಲ್ ತಣಿದು, ನೇರವಾಗಿರಬೇಕಾದ ಗೆರೆ ಮೂರು ನಾಲ್ಕು ಹರ್ಟ್ಸ್ ಬಾಗುತ್ತದೆ. ರೇಡಿಯೊವನ್ನು ಮೂಲೆಗೆ ಸರಿಸಿ, ಸಂಕೇತ ನೋಡುವುದಕ್ಕೆ ಒಂದು ಗಂಟೆ ಮೊದಲೇ ಚಾಲೂ ಮಾಡುವ ರೂಢಿ ಇಟ್ಟುಕೊಂಡಿದ್ದೇನೆ.

ಮೊದಲ ನಿಜವಾದ ಸಂಕೇತ ಕಂಡದ್ದು ರಾತ್ರಿ ಒಂದರ ನಂತರ. ಸ್ವರ ಐದು ಹರ್ಟ್ಸ್ ಮೇಲೇರಿ ಇಳಿಯುವ ಬಗೆಯದು; ಏರಿದ್ದು ಚುಕ್ಕೆ ಅಥವಾ ಗೆರೆ, ಇಳಿದದ್ದು ಅವುಗಳ ನಡುವಿನ ಬಿಡುವು. ಪರದೆಯಲ್ಲಿ ಅದು ಕೋಟೆಗೋಡೆಯ ತೆನೆಗಳಂತೆ ಕಾಣುತ್ತದೆ. ಆರು ಅಕ್ಷರಗಳ ಕರೆಸಂಕೇತ ಮುಗಿಯಲು ಏಳು ನಿಮಿಷ ಹಿಡಿಯಿತು. ನಾಲ್ಕನೆಯ ಅಕ್ಷರದ ಹೊತ್ತಿಗೆ ಎಲ್ಲಿಯದೋ ಮೋಟಾರಿನ ಗದ್ದಲ ಪರದೆಯನ್ನು ಮುಚ್ಚಿತಾದ್ದರಿಂದ, ಆ ಒಂದು ಅಕ್ಷರಕ್ಕಾಗಿ ಮರು ಪ್ರಸಾರದವರೆಗೆ ಕಾದು ಕುಳಿತೆ.