ಗಾಣದ ಎತ್ತಿನ ಹಾಗೆ ಸುತ್ತಿದ ಓಪನ್‌ಎಸ್‌ಎಸ್‌ಎಲ್: ನನ್ನ ಅನುಭವ

2022ರ ಮಾರ್ಚ್ 15ರಂದು ಇಂಟರ್‌ನೆಟ್ ಸಂಪರ್ಕಗಳನ್ನು ಗೂಢಲಿಪಿಯಿಂದ ಕಾಯುವ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನವರು ಸಿವಿಇ-2022-0778 ಅನ್ನುವ ಭದ್ರತಾ ದೋಷದ ಸೂಚನೆ ಹೊರಡಿಸಿದಾಗ ನಾನು ಅದನ್ನು ಅರ್ಧ ಓದಿ ಪಕ್ಕಕ್ಕಿಟ್ಟಿದ್ದೆ. ಕೀಲಿ ಕದಿಯೋಕೆ ಆಗಲ್ಲ, ಮೆಮೊರಿ ಸೋರಲ್ಲ, ಪ್ರೊಸೆಸ್ ಸಿಕ್ಕಿಹಾಕಿಕೊಳ್ಳುತ್ತೆ ಅಷ್ಟೇ ತಾನೆ, ಶನಿವಾರ ನೋಡಿದರಾಯಿತು ಅಂದುಕೊಂಡೆ. ಡಿನಯಲ್ ಆಫ್ ಸರ್ವೀಸ್ (ಸೇವೆಯನ್ನೇ ನಿಲ್ಲಿಸುವ ದಾಳಿ) ಅಂದರೆ ನಮ್ಮಲ್ಲಿ ಅನೇಕರಿಗೆ ಇದೇ ಅಸಡ್ಡೆ.

ಆಗ ನಾನು ನೋಡಿಕೊಳ್ಳುತ್ತಿದ್ದ ಸೇವೆಯಲ್ಲಿ ಗ್ರಾಹಕರು ತಮ್ಮ ಡೊಮೈನ್‌ನ ಸರ್ಟಿಫಿಕೇಟ್ (ಸೈಟ್‌ನ ಡಿಜಿಟಲ್ ಗುರುತುಪತ್ರ) ಅಪ್‌ಲೋಡ್ ಮಾಡುತ್ತಿದ್ದರು. ನಾವು ಅದನ್ನು ಬಿಚ್ಚಿ ಓದಿ, ಯಾರ ಹೆಸರಿಗಿದೆ, ಯಾವಾಗ ಮುಗಿಯುತ್ತೆ ಅಂತ ತೋರಿಸುತ್ತಿದ್ದೆವು. ಕೆಲವು ದಿನ ಕಳೆದ ಮೇಲೆ ಈ ದೋಷವನ್ನು ಪರೀಕ್ಷಿಸಲೆಂದೇ ಮಾಡಿದ ಸರ್ಟಿಫಿಕೇಟ್ ಒಂದು ಕೈಗೆ ಸಿಕ್ಕಿತು. ಟೆಸ್ಟ್ ಮಷಿನ್‌ನಲ್ಲಿ ಹಾಕಿ ನೋಡಿದೆ. ಪೇಜ್ ಲೋಡ್ ಆಗುತ್ತಲೇ ಇದೆ, ಮುಗಿಯುವ ಲಕ್ಷಣವೇ ಇಲ್ಲ. ಟಾಪ್ ಕಮಾಂಡ್‌ನಲ್ಲಿ ನೋಡಿದರೆ ಒಂದು ಕೋರ್ ಪೂರ್ತಿ 100%. ಅದನ್ನೇ ಇನ್ನೂ ಮೂರು ಸಲ ಹಾಕಿದೆ. ನಮ್ಮ ನಾಲ್ಕು ವರ್ಕರ್‌ಗಳೂ (ಕೋರಿಕೆಗಳನ್ನು ನಿಭಾಯಿಸುವ ಪ್ರೊಸೆಸ್‌ಗಳು) ಹೋದವು. ಅಷ್ಟಕ್ಕೆ ಬೇಕಾಗಿದ್ದು ನಾಲ್ಕು ಪುಟ್ಟ ಫೈಲ್, ಅಷ್ಟೇ. ಬೆವರಿತು.

ಆಮೇಲೆ ಸೂಚನೆಯನ್ನು ಸರಿಯಾಗಿ ಓದಿದೆ. ಇದನ್ನು ಕಂಡುಹಿಡಿದವರು ಭದ್ರತಾ ಸಂಶೋಧಕ ಟ್ಯಾವಿಸ್ ಆರ್ಮಂಡಿ. ಎಲಿಪ್ಟಿಕ್ ಕರ್ವ್ (ಒಂದು ಬಗೆಯ ಗಣಿತದ ವಕ್ರರೇಖೆ) ಆಧಾರಿತ ಕೀಲಿ ಇರುವ ಸರ್ಟಿಫಿಕೇಟ್ ಸಾಮಾನ್ಯವಾಗಿ ಕರ್ವ್‌ನ ಹೆಸರು ಮಾತ್ರ ಹೇಳುತ್ತದೆ. ಆದರೆ ಬೇಕಿದ್ದರೆ ಕರ್ವ್‌ನ ಎಲ್ಲಾ ಅಂಕಿಗಳನ್ನೂ ಅದರೊಳಗೇ ಬರೆದು ಕಳಿಸಬಹುದು, ಅದಕ್ಕೆ ಅವಕಾಶ ಇದೆ. ಜೊತೆಗೆ ಕರ್ವ್ ಮೇಲಿನ ಬಿಂದುವನ್ನು ಕುಗ್ಗಿಸಿ ಕೊಟ್ಟರೆ, ಅದರ ಎರಡನೇ ಅರ್ಧ ಪಡೆಯಲು ಲೈಬ್ರರಿ ಮಾಡ್ಯುಲೋ ವರ್ಗಮೂಲ ತೆಗೆಯಬೇಕು, ಅಂದರೆ ಕರ್ವ್‌ನ ಅಂಕಿಗಳಲ್ಲೊಂದಾದ ಪಿ ಇಂದ ಭಾಗಿಸಿ ಉಳಿಯುವ ಶೇಷದ ಲೆಕ್ಕದಲ್ಲಿ ವರ್ಗಮೂಲ. ಆ ಲೆಕ್ಕ ನಡೆಯುವುದು ಪಿ ಅವಿಭಾಜ್ಯ ಸಂಖ್ಯೆ ಅನ್ನುವ ನಂಬಿಕೆಯ ಮೇಲೆ. ಅವಿಭಾಜ್ಯ ಅಲ್ಲದ ಪಿ ಕೊಟ್ಟರೆ ಒಳಗಿನ ಲೂಪ್ ಕೆಲವೊಮ್ಮೆ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಲೂಪ್‌ಗೆ ಒಂದು ಗಡಿ ಹಾಕಿ ಅದನ್ನು ಸರಿಮಾಡಿದ್ದಾರೆ.

ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಬೇರೆ ವಿಷಯ. ಇದೆಲ್ಲ ನಡೆಯುವುದು ಸಹಿ ಪರಿಶೀಲಿಸುವ ಮೊದಲು. ಸರ್ಟಿಫಿಕೇಟ್‌ಗೆ ಯಾರು ಸಹಿ ಹಾಕಿದ್ದಾರೆ, ನಂಬಬಹುದಾ ಅಂತ ಕೇಳುವ ಹೊತ್ತಿಗೆ ಲೈಬ್ರರಿ ಆಗಲೇ ಅಪರಿಚಿತನ ಅಂಕಿಗಳನ್ನು ಹಿಡಿದು ಲೆಕ್ಕ ಶುರುಮಾಡಿರುತ್ತದೆ. "ನಾವು ನಂಬಿಕಸ್ಥ ಸಿಎಗಳನ್ನು (ಸರ್ಟಿಫಿಕೇಟ್‌ಗೆ ಸಹಿ ಹಾಕಿಕೊಡುವ ಸಂಸ್ಥೆಗಳನ್ನು) ಮಾತ್ರ ಒಪ್ಪುತ್ತೇವೆ" ಅಂತ ನಾನು ಎಷ್ಟು ಸಲ ಮೀಟಿಂಗ್‌ಗಳಲ್ಲಿ ಹೇಳಿದ್ದೆನೋ! ಇಲ್ಲಿ ಅದಕ್ಕೆ ಅರ್ಥವೇ ಇಲ್ಲ.

ಪ್ಯಾಚ್ ಹಾಕಿದರೆ ಈ ಒಂದು ತೂತು ಮುಚ್ಚುತ್ತದೆ. ಮುಂದಿನದು? ಅದಕ್ಕೆ ಸಮಯದ ಮಿತಿ ಹಾಕೋಣ ಅಂತ ಹೊರಟೆ, ಅಲ್ಲಿ ಬೆಪ್ಪಾದೆ. ನಮ್ಮ ಕೋಡ್ ಪೈಥಾನ್‌ನದು. ಐದು ಸೆಕೆಂಡಿಗೆ ಅಲಾರ್ಮ್ ಸಿಗ್ನಲ್ ಬರುವ ಹಾಗೆ ಮಾಡಿ, ಅದು ಬಂದಾಗ ಎಕ್ಸೆಪ್ಷನ್ ಎಸೆಯುವ ಹ್ಯಾಂಡ್ಲರ್ ಬರೆದೆ, ಮತ್ತೆ ಅದೇ ಫೈಲ್ ಹಾಕಿದೆ. ಏನೂ ಆಗಲಿಲ್ಲ. ಸಿಗ್ನಲ್ ಬಂದಿದೆ, ಆದರೆ ಪೈಥಾನ್ ತನ್ನ ಹ್ಯಾಂಡ್ಲರನ್ನು ಓಡಿಸುವುದು ಸಿ ಭಾಷೆಯಲ್ಲಿ ಬರೆದ ಲೈಬ್ರರಿಯ ಫಂಕ್ಷನ್ ವಾಪಸ್ ಬಂದ ಮೇಲೆ, ಆ ಫಂಕ್ಷನ್ ವಾಪಸ್ ಬರುವುದೇ ಇಲ್ಲ ಅನ್ನುವುದೇ ಇಲ್ಲಿನ ಸಮಸ್ಯೆ ಅಲ್ವಾ! ಸತ್ತ ಪ್ರೊಸೆಸನ್ನು ಎಬ್ಬಿಸುವ ಸೂಪರ್‌ವೈಸರ್ ಕೂಡ ಸುಮ್ಮನಿತ್ತು. ಅದರ ಲೆಕ್ಕದಲ್ಲಿ ಪ್ರೊಸೆಸ್ ಬದುಕಿದೆ.

ಕೊನೆಗೆ ಸರ್ಟಿಫಿಕೇಟ್ ಓದುವ ಕೆಲಸವನ್ನೇ ಬೇರೆ ಪುಟ್ಟ ಪ್ರೊಸೆಸ್‌ಗೆ ತಳ್ಳಿದೆ. ಅದಕ್ಕೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕಡೆಯಿಂದಲೇ 2 ಸೆಕೆಂಡಿನ ಸಿಪಿಯು ಮಿತಿ. ಮಿತಿ ದಾಟಿದರೆ ಕರ್ನಲ್ ಕೊಲ್ಲುತ್ತದೆ, ಯಾರನ್ನೂ ಕೇಳುವುದಿಲ್ಲ. ಒಂದು ಅಪ್‌ಲೋಡ್‌ಗೆ ಒಂದು ಪ್ರೊಸೆಸ್ ಅಂದರೆ ಜಾಸ್ತಿ ಖರ್ಚು ಅಂತ ಒಬ್ಬ ಸಹೋದ್ಯೋಗಿ ಗೊಣಗಿದರು. ನಿಜ, ಆದರೆ ದಿನಕ್ಕೆ ಬರುವ ಅಪ್‌ಲೋಡ್‌ಗಳೇ ಕಡಿಮೆ.

ಪ್ಯಾಚ್ ಹಾಕುವುದರಲ್ಲೂ ಒಂದೆರಡು ಕಡೆ ಎಡವಿದೆ. ಪ್ಯಾಕೇಜ್ ಹೊಸದಾದರೂ, ಮೊದಲೇ ಓಡುತ್ತಿದ್ದ ಪ್ರೊಸೆಸ್‌ಗಳು ಮೆಮೊರಿಯಲ್ಲಿ ಹಳೆಯ ಲೈಬ್ರರಿಯನ್ನೇ ಹಿಡಿದುಕೊಂಡಿದ್ದವು. ರೀಸ್ಟಾರ್ಟ್ ಮಾಡುವವರೆಗೂ ಪ್ಯಾಚ್ ಬರೀ ಡಿಸ್ಕ್ ಮೇಲೆ. ಇನ್ನೊಂದು, ಆವೃತ್ತಿ ಸಂಖ್ಯೆ ನೋಡಿ ತೀರ್ಮಾನ ಮಾಡಬೇಡಿ. ಓಪನ್‌ಎಸ್‌ಎಸ್‌ಎಲ್‌ನ ಮೂಲದಲ್ಲಿ ಸರಿಹೋಗಿದ್ದು 1.1.1ಎನ್ ಮತ್ತು 3.0.2ರಲ್ಲಿ, ಆದರೆ ಹಳೆಯ ಆವೃತ್ತಿಗೇ ಪ್ಯಾಚ್ ಸೇರಿಸುವ ಉಬುಂಟು 20.04ರಲ್ಲಿ ಪ್ಯಾಚ್ ಆದ ಮೇಲೂ 1.1.1ಎಫ್ ಅಂತಲೇ ಕಾಣುತ್ತದೆ. ಕಂಟೈನರ್ ಇಮೇಜ್‌ಗಳ ಕಥೆ ಬೇಡ, ಎಲ್ಲವನ್ನೂ ಮತ್ತೆ ಬಿಲ್ಡ್ ಮಾಡಿದೆ.

2023ರ ಮೇ ಕೊನೆಗೆ ಸಿವಿಇ-2023-2650 ಅನ್ನುವ ಇನ್ನೊಂದು ದೋಷ ಬಂತು. ಸರ್ಟಿಫಿಕೇಟ್ ಒಳಗೆ ಬರುವ ಆಬ್ಜೆಕ್ಟ್ ಐಡೆಂಟಿಫೈಯರ್ ಅನ್ನುವ ಸಂಖ್ಯೆಯನ್ನು ಅಕ್ಷರಕ್ಕೆ ಬದಲಿಸುವಾಗ ಉದ್ದ ದುಪ್ಪಟ್ಟಾದರೆ ಸಮಯ ನಾಲ್ಕು ಪಟ್ಟು. ಟಿಎಲ್ಎಸ್ (ಗೂಢಲಿಪಿಯಿಂದ ಸುರಕ್ಷಿತವಾದ) ಸಂಪರ್ಕದಲ್ಲಿ ಎದುರಿನವರ ಸರ್ಟಿಫಿಕೇಟ್ ಸರಪಳಿಗೆ ಓಪನ್‌ಎಸ್‌ಎಸ್‌ಎಲ್ ಮಾಮೂಲಾಗಿ 100 ಕಿಲೋಬೈಟ್ ಮಿತಿ ಇಟ್ಟಿದೆ, ಹಾಗಾಗಿ ಅಲ್ಲಿ ದೊಡ್ಡ ಹೊಡೆತ ಇಲ್ಲ. ನಮ್ಮ ಫಾರಂನಲ್ಲಿ? 2 ಎಂಬಿ! ಯಾರೋ ಹಿಂದೆ ಇಟ್ಟಿದ್ದು, ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ದೊಡ್ಡ ಫೈಲ್ ಮಾಡಿ ಪರೀಕ್ಷೆಗೆ ಹಾಕಿದೆ. 2 ಸೆಕೆಂಡಿಗೆ ಆ ಪ್ರೊಸೆಸ್ ಸತ್ತಿತು, ಲಾಗ್‌ನಲ್ಲಿ ಒಂದು ಸಾಲು ಬಿತ್ತು, ಉಳಿದ ಸೇವೆ ತನ್ನ ಪಾಡಿಗೆ ಓಡುತ್ತಿತ್ತು. ಫಾರಂನ ಮಿತಿಯನ್ನೂ ಅವತ್ತೇ 100 ಕೆಬಿಗೆ ಇಳಿಸಿದೆ.

ಉಳಿದಿದ್ದು ಒಂದು ಹಳೆಯ ಡಬ್ಬ, ಅಂದರೆ ಸರ್ವರ್, ಇನ್ನೂ ಓಪನ್‌ಎಸ್‌ಎಸ್‌ಎಲ್ 1.0.2ರಲ್ಲಿತ್ತು. ಆ ಸಾಲಿಗೆ ಪ್ಯಾಚ್ ಬಂದಿದ್ದು ದುಡ್ಡು ಕೊಟ್ಟು ಬೆಂಬಲ ತೆಗೆದುಕೊಂಡವರಿಗೆ ಮಾತ್ರ. ಅದು ಕ್ಲೈಂಟ್ ಸರ್ಟಿಫಿಕೇಟ್ ಕೇಳುವುದನ್ನೇ ನಿಲ್ಲಿಸಿ, ಮುಂದೆ ಒಂದು ಹೊಸ ಪ್ರಾಕ್ಸಿ ನಿಲ್ಲಿಸಿದೆ. ಡಬ್ಬ ಇವತ್ತಿಗೂ ಅಲ್ಲೇ ಇದೆ.